ಹತ್ತು ರೂಪಾಯಿ ಬೇಳೆ

ಕನ್ನಡದಲ್ಲಿ ‘ಚಿಲ್ಲರೆ’ ಎಂಬ ಪದ ಎರಡು ಕೆಲಸ ಮಾಡುತ್ತದೆ. ಜೇಬಿನಲ್ಲಿ ಝಣಗುಡುವ ನಾಣ್ಯವೂ ಚಿಲ್ಲರೆ, ಸಗಟು ಅಲ್ಲದ ವ್ಯಾಪಾರವೂ ಚಿಲ್ಲರೆ. ಮೂರನೆಯ ಅರ್ಥವೊಂದಿದೆ, ಅದನ್ನು ಬೈಯುವಾಗ ಬಳಸುತ್ತೇವೆ, ಇಲ್ಲಿ ಬಿಟ್ಟುಬಿಡೋಣ. ಚಿತ್ರದುರ್ಗದ ಸಂತೆಪೇಟೆಯಲ್ಲಿ ಒಂದು ಸಂಜೆ ನಿಂತು ನೋಡಿದರೆ ಮೊದಲ ಎರಡು ಅರ್ಥಗಳು ಬೇರೆ ಬೇರೆಯಲ್ಲ ಎಂದು ತಿಳಿಯುತ್ತದೆ. ಕೈಯಲ್ಲಿ ಚಿಲ್ಲರೆ ಮಾತ್ರ ಇರುವವರಿಗೂ ಸಾಮಾನು ಕೊಡುವ ಅಂಗಡಿಯೇ ಚಿಲ್ಲರೆ ಅಂಗಡಿ.

ಗಾಂಧಿ ವೃತ್ತದ ಗದ್ದಲ ದಾಟಿ ಒಳಗೆ ಹೊಕ್ಕರೆ ಸಂತೆಪೇಟೆ, ಲಕ್ಷ್ಮೀ ಬಜಾರ್, ದೊಡ್ಡಪೇಟೆ, ಚಿಕ್ಕಪೇಟೆ. ಹೆಸರುಗಳಲ್ಲೇ ವ್ಯಾಪಾರವಿದೆ. ತಲೆ ಎತ್ತಿದರೆ ಏಳು ಸುತ್ತಿನ ಕೋಟೆ. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಓಬವ್ವನ ಕಿಂಡಿಯಲ್ಲಿ ಇಣುಕಿ ಇಳಿದುಬಿಡುತ್ತಾರೆ. ಇನ್ನೊಮ್ಮೆ ಹೋದಾಗ ಕಣಜಗಳನ್ನೂ ಹೊಂಡಗಳನ್ನೂ ತುಪ್ಪದ ಕೊಳವೆಂದು ಕರೆಯುವ ಜಾಗವನ್ನೂ ನೋಡಿ ಬನ್ನಿ. ಮುತ್ತಿಗೆ ಬಿದ್ದಾಗ ಹೊರಗಿನಿಂದ ಒಂದು ಕಾಳೂ ಬರದಿದ್ದರೂ ಒಳಗಿದ್ದವರು ಉಣ್ಣಬೇಕಲ್ಲ, ಅದಕ್ಕೆ ಮಾಡಿಕೊಂಡ ಏರ್ಪಾಡು. (ಓಬವ್ವನ ಕೈಗೆ ಸಿಕ್ಕಿದ್ದೂ ಕತ್ತಿಯಲ್ಲ, ಕಾಳು ಕುಟ್ಟುವ ಒನಕೆ!) ಕೋಟೆ ಆಳಿದವರು ವರ್ಷಕ್ಕಾಗುವಷ್ಟು ದವಸ ಕೂಡಿಟ್ಟರು. ಕೋಟೆಯ ಕೆಳಗಿನ ದಿನಗೂಲಿಯ ಮನೆಗೆ ಕಣಜ ಎಲ್ಲಿಂದ ಬರಬೇಕು? ಅದರ ಕಣಜ ಬೀದಿಯ ತುದಿಯಲ್ಲಿದೆ, ಬೆಳಿಗ್ಗೆ ಆರಕ್ಕೆ ತೆರೆದು ರಾತ್ರಿ ಹತ್ತಕ್ಕೆ ಮುಚ್ಚುತ್ತದೆ.

ಅಂಥ ಒಂದು ಅಂಗಡಿಯ ಮುಂದಿನ ಹಲಗೆಯ ಮೇಲೆ ಒಂದು ಸಂಜೆ ಸುಮ್ಮನೆ ಕುಳಿತಿದ್ದೆ. ಯಜಮಾನರಿಗೆ ಅರವತ್ತು ದಾಟಿದೆ. ನಾನು ಬರೆಯುವವನು ಎಂದು ಗೊತ್ತಾದ ಮೇಲೆ, “ಹೆಸರು ಹಾಕಬ್ಯಾಡಿ ಸ್ವಾಮಿ” ಎಂದು ಒಂದು ಮಾತು ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು. ಕೂಲಿ ಮುಗಿಸಿ ಮನೆಗೆ ಹೋಗುವವರ ಹೊತ್ತು. ಕೇಳಿದ್ದನ್ನೆಲ್ಲ ಚೀಟಿಯಲ್ಲಿ ಗುರುತು ಮಾಡಿಕೊಂಡೆ: ಹತ್ತು ರೂಪಾಯಿ ಬೇಳೆ. ಐದು ರೂಪಾಯಿ ಕಾಫಿಪುಡಿ. ಎರಡು ಮೊಟ್ಟೆ. ಹತ್ತು ರೂಪಾಯಿ ಒಣಮೆಣಸಿನಕಾಯಿ, “ಬ್ಯಾಡಗೀದು ಬ್ಯಾಡ, ಖಾರ ಇರೋದು ಕೊಡ್ರಿ”. ಐದು ರೂಪಾಯಿಗೆ ಬೆಲ್ಲ, ಅಷ್ಟಕ್ಕೇ ಒಂದು ಮುಷ್ಟಿ ಹುರಿಗಡಲೆ. ಅರ್ಧ ಕೆ.ಜಿ., ಕಾಲು ಕೆ.ಜಿ. ಎಂದು ಕೇಳಿದವರು ಅಪರೂಪ. ಎಲ್ಲರೂ ದುಡ್ಡಿನ ಲೆಕ್ಕದಲ್ಲೇ ಕೇಳಿದರು, ತೂಕದ ಲೆಕ್ಕದಲ್ಲಲ್ಲ.

ನನಗೆ ಮುಖ್ಯವಾಗಿ ಕಂಡದ್ದು ಇದೇ. ದೊಡ್ಡ ಮಾರಾಟ ಮಳಿಗೆಯಲ್ಲಿ ಅಳತೆಯನ್ನು ಅಂಗಡಿ ನಿರ್ಧರಿಸುತ್ತದೆ. ಅರ್ಧ ಕೆ.ಜಿ. ಪೊಟ್ಟಣ, ಒಂದು ಕೆ.ಜಿ. ಪೊಟ್ಟಣ, ಬೇಕಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ. ಬೀದಿ ಅಂಗಡಿಯಲ್ಲಿ ಅಳತೆಯನ್ನು ಕೊಳ್ಳುವವರ ಕೈಲಿರುವ ಕಾಸು ನಿರ್ಧರಿಸುತ್ತದೆ. ಬೇಳೆ ಕೆ.ಜಿ.ಗೆ 120 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ರೂಪಾಯಿಗೆ ಎಷ್ಟು ಬಂತು? ಭಾಗಿಸಿ ನೋಡಿ: 83 ಗ್ರಾಂ, ಮೇಲೆ ಒಂದಿಷ್ಟು. ಆ ಅಂಗಡಿಯಲ್ಲಿ 50 ಗ್ರಾಮಿಗಿಂತ ಸಣ್ಣ ತೂಕದ ಬಟ್ಟೇ ಇಲ್ಲ. ಈಗ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ದರ ಒತ್ತಿದರೆ ಹಣವನ್ನೂ ತೋರಿಸುತ್ತದೆ. (ಅದಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು, ಮುಂದಿನ ಸಲ ಅಂಗಡಿಗೆ ಹೋದಾಗ ಆ ಮುದ್ರೆ ಎಲ್ಲಿದೆ ಎಂದು ಹುಡುಕಿ.) ಆದರೆ ಯಜಮಾನರು ಬೇಳೆಯನ್ನು ಮೊದಲು ಕೈಯಲ್ಲೇ ತೆಗೆದು ತಟ್ಟೆಗೆ ಹಾಕುತ್ತಿದ್ದರು. ಪರದೆಯ ಮೇಲೆ ಹತ್ತರ ಆಸುಪಾಸೇ ಬರುತ್ತಿತ್ತು. ಆಮೇಲೆ ನಾಲ್ಕು ಕಾಳು ಮೇಲಿಂದ. ಆ ನಾಲ್ಕು ಕಾಳಿಗೆ ಕನ್ನಡದಲ್ಲಿ ಚೆಂದದ ಹೆಸರಿದೆ: ಕೊಸರು.

ಸೇರು, ಪಾವು, ಚಟಾಕಿನ ಕಾಲದಲ್ಲಿ ಈ ಲೆಕ್ಕ ಇನ್ನೂ ಸಲೀಸಾಗಿತ್ತಂತೆ. ಸೇರಿಗೆ ಹದಿನಾರು ಚಟಾಕು, ರೂಪಾಯಿಗೆ ಹದಿನಾರು ಆಣೆ. ಹಾಗಾಗಿ ಸೇರಿಗೆ ಮೂರು ರೂಪಾಯಿ ಆದರೆ ಚಟಾಕಿಗೆ ಮೂರಾಣೆ. ಭಾಗಾಕಾರವೇ ಬೇಡ! 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. 1956ರ ಕಾಯ್ದೆಯ ಪ್ರಕಾರ ಒಂದೊಂದಾಗಿ ಕಿಲೋಗ್ರಾಂ, ಲೀಟರುಗಳೂ ಬಂದವು. ಆ ಕೆಲವು ವರ್ಷ ಅಂಗಡಿಯವರೂ ಗಿರಾಕಿಗಳೂ ಎರಡೆರಡು ಲೆಕ್ಕ ತಲೆಯಲ್ಲಿಟ್ಟುಕೊಂಡು ತಿಣುಕಾಡಿದ್ದನ್ನು ನಮ್ಮಜ್ಜಿ ಕಥೆಯಂತೆ ಹೇಳುತ್ತಿದ್ದಳು.

ಪೊಟ್ಟಣ ಕಟ್ಟುವುದೂ ಒಂದು ವಿದ್ಯೆ. ಕಾಗದವನ್ನು ಶಂಕುವಿನಂತೆ ಸುತ್ತಿ, ಬಾಯಿ ಮಡಿಸಿ, ಮೇಲೆ ತೂಗುವ ಉಂಡೆಯಿಂದ ದಾರ ಎಳೆದು ಎರಡು ಸುತ್ತು ಸುತ್ತಿ ಪಟ್ಟನೆ ಹರಿಯುವುದು. ನಾನು ಎಷ್ಟೋ ಕಥೆಗಳ ಅರ್ಧವನ್ನು ಓದಿದ್ದು ಸಾಸಿವೆ ಪೊಟ್ಟಣ ಬಿಚ್ಚಿ. ಉಳಿದರ್ಧ ಯಾರ ಮನೆಯ ಜೀರಿಗೆಗೆ ಹೋಯಿತೋ! ಈ ಅಂಕಣಕ್ಕೂ ಅದೇ ಗತಿ ಎಂದು ನನಗೆ ಗೊತ್ತಿದೆ, ಬೇಸರವಿಲ್ಲ. ಆದರೆ ಮುದ್ರಣದ ಶಾಯಿ ತಿನಿಸಿಗೆ ಅಂಟುವುದರಿಂದ ಅಚ್ಚಾದ ಕಾಗದದಲ್ಲಿ ಆಹಾರ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಬಜ್ಜಿ, ಬೋಂಡದಂಥ ಬಿಸಿ ಎಣ್ಣೆಯ ತಿಂಡಿಗಂತೂ ಬೇಡವೇ ಬೇಡ.

ಎಣ್ಣೆ ಎಂದಾಗ ಚಳ್ಳಕೆರೆ ನೆನಪಾಗಬೇಕು. ನಮ್ಮ ಜಿಲ್ಲೆಯ ಶೇಂಗಾ, ಅಲ್ಲಿನ ಗಿರಣಿಗಳು. ಕುತ್ತಿಗೆಗೆ ದಾರ ಕಟ್ಟಿದ ಬಾಟಲಿ ಹಿಡಿದು ಎಣ್ಣೆ ತರಲು ಹೋಗುವುದು ನಮ್ಮ ಕಾಲದ ಮಕ್ಕಳ ಸಂಜೆಯ ಕೆಲಸ. ಈಗ ಎಣ್ಣೆಯನ್ನು ಮೊಹರಾದ ಪೊಟ್ಟಣದಲ್ಲೇ ಮಾರಬೇಕೆಂಬ ನಿಯಮವಿದೆ. ಅದರ ಹಿಂದೆ ಒಂದು ದುಃಖದ ಕಾರಣವಿದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತು, ಉಂಡವರ ಮೈ ಊದಿಕೊಂಡು ಹಲವರು ಸತ್ತರು. ಬಿಡಿ ಮಾರಾಟವೆಲ್ಲ ಒಳ್ಳೆಯದು, ಪೊಟ್ಟಣವೆಲ್ಲ ಕೆಟ್ಟದ್ದು ಎಂದು ಹೇಳುವ ಹಾಗಿಲ್ಲ.

ಪೊಟ್ಟಣದವರೂ ಬೀದಿ ಅಂಗಡಿಯಿಂದ ಪಾಠ ಕಲಿತಿದ್ದಾರೆ. ಅಂಗಡಿಯ ಮುಂದೆ ತೋರಣದಂತೆ ತೂಗುವ ಶಾಂಪೂ ಚೀಟಿಗಳನ್ನು ನೋಡಿ. ತಮಿಳುನಾಡಿನ ಕಡಲೂರಿನಲ್ಲಿ 1980ರ ದಶಕದಲ್ಲಿ ‘ಚಿಕ್’ ಶಾಂಪೂ ಹೀಗೆ ಪುಟ್ಟ ಚೀಟಿಯಲ್ಲಿ ಬಂದು ಹಳ್ಳಿ ಹಳ್ಳಿ ಮುಟ್ಟಿತು. ಬಾಟಲಿ ಕೊಳ್ಳಲಾಗದವರೂ ಒಂದು ತಲೆಸ್ನಾನದಷ್ಟು ಕೊಳ್ಳಬಲ್ಲರು ಎಂಬುದನ್ನು ನಮ್ಮ ಅಂಗಡಿಯವರು ಮೊದಲೇ ಬಲ್ಲರು. ಚರಂಡಿ ತುಂಬ ಆ ಚೀಟಿಗಳೇ ಈಗ ತುಂಬಿಕೊಂಡಿವೆ ಎಂಬುದು ಬೇರೆ ಮಾತು.

ಅಮೆರಿಕದಲ್ಲೂ ಒಂದು ಕಾಲಕ್ಕೆ ಗಿರಾಕಿ ಹೊರಗೆ, ಅಂಗಡಿಯವ ಒಳಗೆ. 1916ರಲ್ಲಿ ಮೆಂಫಿಸ್ ಊರಿನ ‘ಪಿಗ್ಲಿ ವಿಗ್ಲಿ’ ಎಂಬ ತಮಾಷೆ ಹೆಸರಿನ ಅಂಗಡಿ ಗಿರಾಕಿಗಳನ್ನೇ ಒಳಗೆ ಬಿಟ್ಟು, ಬುಟ್ಟಿ ಕೊಟ್ಟು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದಿತು. ಇಂದಿನ ಸೂಪರ್ ಮಾರ್ಕೆಟ್‌ಗಳೆಲ್ಲ ಅದರ ಮೊಮ್ಮಕ್ಕಳು. ಒಳಗೆ ಹೋಗಿ ಮುಟ್ಟಿ ನೋಡುವುದು ಸುಖವೇ, ಬೆಲೆ ಹೋಲಿಸಬಹುದು, ಕೆಲವು ಸಾಮಾನು ಅಗ್ಗವೂ ಹೌದು. ಆದರೆ ಅಲ್ಲಿ ಓದು ಬರಬೇಕು. ಹಣ ಕಟ್ಟುವ ಕಡೆ ಮಕ್ಕಳ ಕಣ್ಣಿನ ಎತ್ತರಕ್ಕೇ ಚಾಕೊಲೇಟು ಏಕಿರುತ್ತದೆ ಎಂದು ಅಪ್ಪ ಅಮ್ಮಂದಿರು ಯೋಚಿಸಿದ್ದೀರಾ? ಬೀದಿ ಅಂಗಡಿಯಲ್ಲಿ ಅಕ್ಷರ ಬಾರದ ಅಜ್ಜಿ “ಆ ಕೆಂಪು ಡಬ್ಬೀದು” ಎಂದರೆ ಸಾಕು.

ಈಗ ಹಣ ಕೊಡುವುದು ಬದಲಾಗಿದೆ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್ 8ರಂದು ನೋಟು ರದ್ದಾಯಿತು. ನೋಡನೋಡುತ್ತ ಪ್ರತಿ ಅಂಗಡಿಯ ಮುಂದೂ ಕ್ಯೂಆರ್ ಚೌಕ. ಇಪ್ಪತ್ತು ರೂಪಾಯಿ ಬಂತು ಎಂದು ಪುಟ್ಟ ಡಬ್ಬಿ ಕನ್ನಡದಲ್ಲೇ ಕೂಗುತ್ತದೆ. ಚಿಲ್ಲರೆ ಬದಲು ಪೆಪ್ಪರಮೆಂಟು ಕೊಡುವ ಪದ್ಧತಿ ಕಡಿಮೆಯಾಯಿತು. ಇದರಿಂದ ಆದ ಇನ್ನೊಂದು ಬದಲಾವಣೆ ಯಜಮಾನರು ಹೇಳಿದ ಮೇಲೆ ನನಗೆ ಹೊಳೆಯಿತು: “ಫೋನು ಅವರಮ್ಮನ ತಾವ ಇರತೈತೆ. ಹಂಗಾಗಿ ಹುಡುಗರನ್ನ ಕಳಸಾದೇ ಕಮ್ಮಿ ಆಗೈತೆ.” ಹತ್ತು ರೂಪಾಯಿ ಕೊಟ್ಟು ಏಳು ರೂಪಾಯಿ ಸಾಮಾನು ತಂದು, ಮೂರು ರೂಪಾಯಿ ಲೆಕ್ಕ ಒಪ್ಪಿಸುವ ಗಣಿತ ನಿಮ್ಮ ಮನೆಯ ಮಕ್ಕಳು ಮಾಡುತ್ತಾರೆಯೇ?

2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳು ಗಾಬರಿಯಾದದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಹಲವರಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ಬಿದ್ದವು. ಸಾಮಾನು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 40 ಲಕ್ಷ ಎಂದರೆ ದೊಡ್ಡ ಶ್ರೀಮಂತರಂತೆ ಕೇಳಿಸುತ್ತದೆ ಅಲ್ಲವೇ? 365ರಿಂದ ಭಾಗಿಸಿ. ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ವ್ಯಾಪಾರ, ಲಾಭವಲ್ಲ. ಅದರಲ್ಲಿ ಸಗಟು ಅಂಗಡಿಗೆ ಕಟ್ಟಿ, ಬಾಡಿಗೆ, ಕರೆಂಟು ಕಳೆದು ಉಳಿಯುವುದು ಬಹಳ ತೆಳು. ತೆರಿಗೆ ಕಟ್ಟಬಾರದೆಂದು ನಾನು ಹೇಳುತ್ತಿಲ್ಲ. ಲೆಕ್ಕ ಇಡುವುದನ್ನು ಮೊದಲು ಕಲಿಸಿ ಆಮೇಲೆ ಕೇಳಿದ್ದರೆ ಚೆನ್ನಾಗಿತ್ತು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಮಾತಾಡಿ, ಹಳೆಯ ಬಾಕಿಯ ವಿಷಯದಲ್ಲಿ ಅಭಯ ಕೊಟ್ಟರು.

ಯಾವ ಯಂತ್ರವೂ ಕೂಗದ ಲೆಕ್ಕ ಇನ್ನೊಂದಿದೆ, ಉದ್ರಿಯ ಲೆಕ್ಕ. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕದ ಕೆಳಗೇ ಉದ್ರಿ ಪುಸ್ತಕ ಇರುತ್ತದೆ. ಆ ಸಂಜೆ ಎಂಟು ವರ್ಷದ ಒಬ್ಬಳು ಹುಡುಗಿ ಬಂದಳು. ಅಕ್ಕಿ, ಬೇಳೆ, ಸೋಪು ಎಂದು ಒಂದೇ ಉಸಿರಿಗೆ ಹೇಳಿ, “ಅವ್ವ ಬರಕೋಬೇಕಂತೆ” ಎಂದಳು. ಯಜಮಾನರು ಪುಸ್ತಕ ತಿರುವಿದರು. ಆ ಮನೆಯ ಪುಟ ತುಂಬಿತ್ತು. “ಅವ್ವನ್ನೇ ಬರಾಕ ಹೇಳವ್ವ” ಎಂದರು, ಮೆಲ್ಲಗೇ. ಆದರೆ ಅಲ್ಲಿ ನಾಲ್ಕು ಜನ ನಿಂತಿದ್ದರು. ಹುಡುಗಿ ಮಾತಾಡಲಿಲ್ಲ, ಹೋಗಲೂ ಇಲ್ಲ. ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತ ನಿಂತಳು.

ಉದ್ರಿಯನ್ನು ಹಾಡಿ ಹೊಗಳುವವರು ಆ ಹೆಬ್ಬೆರಳನ್ನೂ ನೋಡಬೇಕು. ಪುಸ್ತಕ ಬರೆಯುವವರು ಅಂಗಡಿಯವರು, ಬಾಕಿ ಎಷ್ಟು ಎನ್ನುವವರೂ ಅವರೇ. ಓದು ಬಾರದ ಗಿರಾಕಿ ನಂಬಬೇಕು, ಅಷ್ಟೇ. ಬಾಕಿ ಇದ್ದವರು ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ. ಬೆಲೆ ಒಂದು ರೂಪಾಯಿ ಹೆಚ್ಚಿದ್ದರೂ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ಇತ್ತ ಅಂಗಡಿಯವರ ಕಷ್ಟವೂ ಸುಳ್ಳಲ್ಲ. ಊರು ಬಿಟ್ಟು ಹೋದ ಮನೆಗಳ ಪುಟಗಳನ್ನು ಅವರು ಯಾರಿಗೆ ತೋರಿಸಬೇಕು? ಆದರೂ 2020ರ ಲಾಕ್‌ಡೌನ್‌ನಲ್ಲಿ ಕೂಲಿ ನಿಂತ ಮನೆಗಳ ಒಲೆ ಉರಿಸಿದ್ದು ಎಷ್ಟೋ ಕಡೆ ಇಂಥ ಪುಸ್ತಕವೇ.

ಒಂದು ನಿಮಿಷ ಕಳೆದಿರಬೇಕು. ಯಜಮಾನರು ಸೋಪು ಬಿಟ್ಟು ಅಕ್ಕಿ, ಬೇಳೆ ಕಟ್ಟಿದರು. ತುಂಬಿದ ಪುಟದ ಅಂಚಿನಲ್ಲಿ ಅಡ್ಡಲಾಗಿ ಬರೆದರು. ಹುಡುಗಿಯ ಕೈಗೆ ಚೂರು ಬೆಲ್ಲ ಕೊಟ್ಟದ್ದನ್ನು ಬರೆಯಲಿಲ್ಲ.

ಉದ್ರಿ ತೀರುವ ಕಾಲ ಒಂದೊಂದು ಊರಿಗೆ ಒಂದೊಂದು. ದುರ್ಗದ ಪೇಟೆಯಲ್ಲಿ ಶನಿವಾರದ ಬಟವಾಡೆಗೆ, ಹೆಚ್ಚೆಂದರೆ ತಿಂಗಳ ಸಂಬಳಕ್ಕೆ. ಹಿರಿಯೂರಿನಲ್ಲಿ ಹೆದ್ದಾರಿಯ ಪ್ರಯಾಣಿಕರಿಗೆ ನೀರು, ಬಿಸ್ಕತ್ತು, ಬಾಳೆಹಣ್ಣು ಮಾರುವವರಿಗೆ ಉದ್ರಿಯ ಮಾತೇ ಇಲ್ಲ; ಬಸ್ಸು ಹೊರಟರೆ ಗಿರಾಕಿಯೂ ಹೊರಟ. ಅದೇ ಊರಿನ ಒಳಬೀದಿಗಳಲ್ಲಿ ಮಾತ್ರ ಹಳೆಯ ನೆನಪು: ಅಲ್ಲಿನ ವಾಣಿವಿಲಾಸ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದಾಗ ಕಬ್ಬಿನ ಹಣ ಬಂದ ದಿನ ಪುಸ್ತಕಗಳು ಹಗುರಾಗುತ್ತಿದ್ದವು. ಈಗ ಕಾರ್ಖಾನೆ ಮುಚ್ಚಿದೆ, ಸಕ್ಕರೆ ಬೇರೆ ಊರುಗಳಿಂದ ಬರುತ್ತದೆ. ಹೊಸದುರ್ಗದಲ್ಲಿ ತೆಂಗು ಮತ್ತು ಸಾವೆ. ಬಡವರ ಅನ್ನವೆಂದು ಮೂಗು ಮುರಿಸಿಕೊಂಡಿದ್ದ ಸಾವೆ ಈಗ ಸಿರಿಧಾನ್ಯ. ಹೊಳೆಯುವ ಪೊಟ್ಟಣ ಸೇರಿ ದೊಡ್ಡ ಮಳಿಗೆಯ ಕಪಾಟು ಹತ್ತಿದೆ. ಅಲ್ಲಿನ ಸಣ್ಣ ಅಂಗಡಿಗಳಲ್ಲಿ ಇನ್ನೂ ಗೋಣಿಚೀಲದ ಬಾಯಿ ತೆರೆದೇ ಇಟ್ಟಿರುತ್ತಾರೆ, ಕೈ ಹಾಕಿ ನೋಡಬಹುದು.

ಹೊಳಲ್ಕೆರೆಯದ್ದು ಅಡಿಕೆಯ ಲೆಕ್ಕ. ಭೀಮಸಮುದ್ರದ ಮಂಡಿಗೆ ಅಡಿಕೆ ಹೋಗಿ ಹಣ ಕೈಗೆ ಬರುವತನಕ ಪುಸ್ತಕ ಉದ್ದವಾಗುತ್ತಲೇ ಇರುತ್ತದೆ. ಹಿಂದೊಮ್ಮೆ ಅಲ್ಲಿನ ದೊಡ್ಡ ಗಣಪತಿಯನ್ನು ನೋಡಿಕೊಂಡು ಬರುವಾಗ ಪೇಟೆಯ ಒಂದು ಅಂಗಡಿಯಲ್ಲಿ ನೀರು ಕೇಳಲು ನಿಂತಿದ್ದೆ. ಒಬ್ಬ ಹೆಂಗಸು ಸೆರಗಿನ ಗಂಟಿನಿಂದ ನೋಟು ತೆಗೆದು ಎಣಿಸಿ ಕೊಟ್ಟಳು. ಅಂಗಡಿಯವನು ಎರಡನೇ ಸಲ ಎಣಿಸಲಿಲ್ಲ. ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಪುಸ್ತಕವನ್ನು ಅವಳ ಕಡೆ ತಿರುಗಿಸಿ ತೋರಿಸಿದ. ಅವಳು ಗೆರೆ ನೋಡಿ ತಲೆಯಾಡಿಸಿದಳು. ಎರಡು ಹೆಜ್ಜೆ ಹೋದವಳು ಹಿಂದಿರುಗಿ ಬಂದು, “ಒಂದು ಕೇಜಿ ಬೆಲ್ಲ ಕೊಟ್ಟುಬಿಡಣ್ಣ, ಬರಕೋ” ಎಂದಳು. ಅವನು ಹೊಸ ಪುಟ ತಿರುವಿದ.