ಸೀಟಿನಡಿಯ ಸೆಕೆ
ಕೊಬ್ಬರಿ ಮಾರಾಟದ ದಿನ ತಿಪಟೂರು ಎಪಿಎಂಸಿ ಕಡೆ ಹೋದರೆ ಹಳೇ ಮಾರುತಿ ಓಮ್ನಿಗಳಿಗೆ ಈಗಲೂ ಬರವಿಲ್ಲ. 1984ರಲ್ಲಿ ಬರೀ ‘ವ್ಯಾನ್’ ಎಂಬ ಹೆಸರಲ್ಲಿ ರಸ್ತೆಗಿಳಿದ ಗಾಡಿ ಇದು. 2019ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿದರೂ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳು ಕೈಬಿಟ್ಟಿಲ್ಲ. ಇದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕೂತಿರುವುದು ಮುಂದಿನ ಸೀಟಿನ ಕೆಳಗೆ. ಹಾಗಾಗಿ ಎಂಜಿನ್ ಕಾದರೆ ಮೀಟರಿಗಿಂತ ಮೊದಲು ಡ್ರೈವರಿಗೇ ಗೊತ್ತಾಗುತ್ತದೆ! ನಮ್ಮ ಕಡೆ ಎಂಜಿನ್ ಹೀಗೆ ಕಾಯಲು ಒಂದು ದೊಡ್ಡ ಕಾರಣ ರೇಡಿಯೇಟರಿಗೆ ಸುರಿಯುವ ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣ ಒಳಗಿನ ಸಣ್ಣ ಕೊಳವೆಗಳಲ್ಲಿ ಪೊರೆಗಟ್ಟುತ್ತದೆ. ಹೊರಗೆ ತೆಂಗಿನ ನಾರು, ಧೂಳು ಜಾಲರಿಗೆ ಮೆತ್ತಿಕೊಂಡು ಗಾಳಿ ತಡೆಯುತ್ತವೆ. ಈ ನೀರಿನ ಬದಲು ಹಾಕಬೇಕಾದ ಕೂಲೆಂಟ್ ದುಬಾರಿ ಅನ್ನುವವರು, ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋದಾಗಿನ ಬಿಲ್ ನೋಡಬೇಕು. ಕಾದ ಗಾಡಿಯ ರೇಡಿಯೇಟರ್ ಮುಚ್ಚಳವನ್ನಂತೂ ತಕ್ಷಣ ತಿರುಗಿಸಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದ ಕಾರ್ಬೊರೇಟರ್ ಗಾಡಿಗೆ ಚೋಕ್ ಎಳೆದೆಳೆದು ಪ್ಲಗ್ ಒದ್ದೆ ಮಾಡುವುದು ಇನ್ನೊಂದು ಚಾಳಿ. ಪ್ಲಗ್ ಬಿಚ್ಚಿ, ಒರೆಸಿ ಒಣಗಿಸಿ ಹಾಕಿ. ಆಗಲೂ ಹಠ ಮಾಡಿದರೆ ಪೆಟ್ರೋಲ್ ಫಿಲ್ಟರ್ ನೋಡಿ. ಜಾರು ಬಾಗಿಲು ಸಿಕ್ಕಿಕೊಂಡರೆ ಒದೆಯುವ ಮೊದಲು ಹಳಿಯಲ್ಲಿ ಕೂತ ನಾರು ತೆಗೆಯಿರಿ. ಇನ್ನು ಜನ ಕೂರಲೆಂದು ಮಾಡಿದ ಗಾಡಿಗೆ ಲಾರಿಯಷ್ಟು ಕಾಯಿ ಮೂಟೆ ಹೇರಿ, ಹಿಂದಿನ ಸ್ಪ್ರಿಂಗ್ ಬ್ಲೇಡ್ ಮುರಿಯಿತೆಂದು ಕಂಪನಿಯನ್ನು ಬೈಯುವವರಿಗೆ ಏನು ಹೇಳೋಣ? ಹೊಸದು ಹಾಕಿಸುವಾಗಲಾದರೂ ಎರಡೂ ಬದಿ ಒಟ್ಟಿಗೆ ಹಾಕಿಸಿ, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ವಾಲುತ್ತದೆ.