ಶುಗರ್ ಇದ್ದವರ ಬಿಡದ ಜ್ವರ: ಕಲ್ಚರ್‌ಗೆ ರಕ್ತ ತೆಗೆಯುವುದು ಯಾವಾಗ?

ಕಾಸರಗೋಡು: ಮಳೆಗಾಲ ಬಂತೆಂದರೆ ಗಡಿನಾಡಿನಲ್ಲಿ ಡೆಂಗೆ, ಇಲಿಜ್ವರದ್ದೇ ಮಾತು. ಇವುಗಳ ಮರೆಯಲ್ಲಿ ಉಳಿದುಬಿಡುವ ಇನ್ನೊಂದು ಜ್ವರ ಮೆಲಿಯೊಯ್ಡೋಸಿಸ್. ಮಣ್ಣು, ಕೆಸರು ನೀರಿನ ಬ್ಯಾಕ್ಟೀರಿಯಾದಿಂದ ಬರುವ ಇದು ಹೆಚ್ಚಾಗಿ ಹಿಡಿಯುವುದು ರೋಗನಿರೋಧಕ ಶಕ್ತಿ ಕುಂದಿದವರನ್ನು, ಅದರಲ್ಲೂ ಶುಗರ್ ಇದ್ದವರನ್ನು. ಕರಾವಳಿಯ ಇಂಥ ಪ್ರಕರಣಗಳನ್ನು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು ವರ್ಷಗಳಿಂದ ದಾಖಲಿಸುತ್ತಾ ಬಂದಿದ್ದಾರೆ. 2019ರ ಜುಲೈಯಲ್ಲಿ ಬದಿಯಡ್ಕ ಪರಿಸರದ ಮಕ್ಕಳು ಜ್ವರಕ್ಕೆ ಬಲಿಯಾದಾಗಲೂ ಈ ರೋಗದ ಶಂಕೆ ಕೇಳಿಬಂದಿತ್ತು.

ತೊಡಕಿರುವುದು ಪತ್ತೆಯಲ್ಲಿ. ಜ್ವರದ ಹಲವು ಪರೀಕ್ಷೆಗಳು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ದೇಹವೇ ಸೋತಿದ್ದರೆ ಪ್ರತಿಕಾಯ ಎಲ್ಲಿಂದ ಬರಬೇಕು? ರಿಪೋರ್ಟ್ ‘ನೆಗೆಟಿವ್’ ಬರ್ತದೆ, ಜ್ವರ ಮಾತ್ರ ಬಿಡುವುದಿಲ್ಲ. ಅತ್ತ ಗದ್ದೆಯಲ್ಲಿ ದುಡಿಯುವ ಗಟ್ಟಿಮುಟ್ಟಾದವನ ರಕ್ತದಲ್ಲೂ ಹಳೆಯ ಪ್ರತಿಕಾಯ ಇದ್ದೀತು!

ಆದ್ದರಿಂದ ನೆಚ್ಚಬೇಕಾದದ್ದು ಬ್ಲಡ್ ಕಲ್ಚರನ್ನೇ. ಅದಕ್ಕೂ ಎರಡು ಮೂರು ದಿನ ಬೇಕು, 100 ರೋಗಿಗಳಲ್ಲಿ ಸುಮಾರು 60 ಮಂದಿಯದ್ದಷ್ಟೇ ಸಿಕ್ಕೀತು. ಎಷ್ಟೋ ಸಲ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದು ರೋಗಾಣುವೂ ಇರುವುದಿಲ್ಲ. ಅದಕ್ಕೇ ದೊಡ್ಡವರಿಂದ ಬಾಟಲಿಯೊಂದಕ್ಕೆ 8ರಿಂದ 10 ಮಿಲಿಲೀಟರ್‌ನಂತೆ ಕನಿಷ್ಠ ಎರಡು ಬಾಟಲಿ ರಕ್ತ ತೆಗೆಯಬೇಕೆನ್ನುವುದು. ‘ಇಷ್ಟೊಂದು ರಕ್ತ ಯಾಕೆ ಡಾಕ್ಟ್ರೇ?’ ಎಂದು ಮನೆಯವರು ತಗಾದೆ ತೆಗೆಯುವುದು ಇಲ್ಲೇ.

ಈಚೆಗೆ ಬಂದ ಸುಧಾರಣೆ ಆಂಟಿಜೆನ್ ಪಟ್ಟಿ. ಕಲ್ಚರ್ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದ ಕೂಡಲೇ ಒಂದೆರಡು ಹನಿ ಹಾಕಿದರೆ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ನೇರ ರಕ್ತದಲ್ಲಿ ಇದು ಅಷ್ಟು ನಂಬಿಕೆಗೆ ಬಾರದು. ಉಳಿಯುವುದು ಒಂದು ದಿನವಾದರೂ ಆ ದಿನ ದೊಡ್ಡದು: ಮಾಮೂಲಿ ಆಂಟಿಬಯೋಟಿಕ್ ಹಲವಕ್ಕೆ ಈ ರೋಗ ಜಗ್ಗದು, ಸೆಫ್ಟಾಜಿಡೈಮ್ ಅಥವಾ ಮೆರೋಪೆನೆಮ್ ಬೇಕು, ಬಳಿಕ ಮೂರು ತಿಂಗಳು ಮಾತ್ರೆ.

ಗಡಿನಾಡಿನ ರೂಢಿಯೋ, ಹತ್ತಿರದ ಕ್ಲಿನಿಕ್‌ನಲ್ಲಿ ಇಂಜೆಕ್ಷನ್, ಜ್ವರ ಬಿಡದಿದ್ದರೆ 50 ಕಿಲೋಮೀಟರ್ ದೂರದ ಮಂಗಳೂರು. ಅಲ್ಲಿ ರಕ್ತ ತೆಗೆಯುವಷ್ಟರಲ್ಲಿ ಔಷಧಿ ಒಳಸೇರಿ ಕಲ್ಚರ್ ಬೆಳೆಯುವುದೇ ಅನುಮಾನ. 2020ರ ಮಾರ್ಚ್‌ನಲ್ಲಿ ತಲಪಾಡಿ ಮುಚ್ಚಿದಾಗಲಂತೂ ಆ ದಾರಿಯೂ ಇರಲಿಲ್ಲ.

ಉಕ್ಕಿನಡ್ಕ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ, ಎಂಬಿಬಿಎಸ್‌ಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಪಾಠಕ್ಕೆ ಮೈಕ್ರೋಬಯಾಲಜಿ ವಿಭಾಗ ಬೇಕೇ ಬೇಕು. ಅದು ತರಗತಿಗಷ್ಟೇ ಸೀಮಿತವೋ, ಎಣ್ಮಕಜೆ, ಪೈವಳಿಕೆಯ ರೋಗಿಯ ಮೊದಲ ಬಾಟಲಿ ಔಷಧಿಗೆ ಮುನ್ನ ಅಲ್ಲಿಗೆ ಮುಟ್ಟುತ್ತದೋ ಎಂಬುದನ್ನು ಆರೋಗ್ಯ ಇಲಾಖೆ ಹೇಳಬೇಕು. ಅಲ್ಲಿವರೆಗೆ ಮನೆಯವರು ಮೊದಲ ಚೀಟಿ ಮಾಡಿಸುವಾಗಲೇ ‘ಶುಗರ್ ಉಂಟು’ ಎಂದು ಹೇಳಿ, ಕೊಟ್ಟ ಇಂಜೆಕ್ಷನ್‌ನ ಹೆಸರು ಬರೆಸಿಕೊಂಡೇ ಮಂಗಳೂರು ಬಸ್ ಹತ್ತುವುದು ಒಳ್ಳೆಯದು.