ಬೂಕರ್ ಬಂತು, ಕತೆ ಓದಿದಿರಾ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮಲ್ಲಿ ಖುಷಿಯೋ ಖುಷಿ. ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬಾ ಅವರದ್ದೇ ಫೋಟೊ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ನ 12 ಕತೆಗಳೂ ಮೂಲದಲ್ಲಿ ಕನ್ನಡದವೇ. ಎಷ್ಟು ಓದಿದ್ದೀರಿ ಅಂತ ಕೇಳಿ ನೋಡಿ, ಮಾತು ಮಳೆಯ ಕಡೆಗೆ ಹೋಗುತ್ತದೆ.

ಓದಿದ ಗಂಡಸರದ್ದು ಒಂದೇ ಚಿಂತೆ: ಸಮುದಾಯದ ಮಾನ ಹೋಯಿತೇ, ಉಳಿಯಿತೇ? ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದಾಗಲೂ ಅಷ್ಟೇ. ಅಪ್ಪನ ಹಠಕ್ಕೆ ಗಂಡನನ್ನು ಕಳೆದುಕೊಂಡ ನಾದಿರಾಳ ಗತಿಯೇನು ಅಂತ ಕೇಳಿದವರು ಕಡಿಮೆ.

ಇಂಥ ಕತೆಯನ್ನು ಹೆಂಗಸರ ನಡುವೆ ಓದಿ ನೋಡಿ. ಒಬ್ಬಳು ಓದುವುದು, ಉಳಿದವರು ಬೀಡಿ ಕಟ್ಟುವುದು. ಎರಡು ಪುಟ ಆಗುವಷ್ಟರಲ್ಲಿ 'ಇದು ನಮ್ಮ ಮಾಮಿಯ ಕತೆಯೇ ಮಾರಾಯ್ತಿ' ಅಂತ ಒಬ್ಬಳು ಶುರು ಮಾಡುತ್ತಾಳೆ. ಮಹರ್‌ನ ಚಿನ್ನ ಎಲ್ಲಿ ಹೋಯಿತು, ದುಬೈಯಿಂದ ಫೋನ್ ಯಾಕೆ ಬರುತ್ತಿಲ್ಲ, ಮಗಳನ್ನು ಪಿಯುಸಿಗೆ ಕಳಿಸುವುದೋ ಬೇಡವೋ... ಪುಸ್ತಕ ಮಡಿಲಲ್ಲೇ ಉಳಿಯುತ್ತದೆ. ವಿಮರ್ಶೆ ಅಂದರೆ ಇದೇ ಅಲ್ವಾ?

ಆದರೆ ನಮ್ಮ ಪುಸ್ತಕ ಬಿಡುಗಡೆ, ಸಂವಾದ ಎಲ್ಲ ಪೇಟೆಯ ಸಭಾಂಗಣದಲ್ಲಿ, ಅದೂ ಸಂಜೆ ಹೊತ್ತಿಗೆ. ಕೊನೆಯ ಬಸ್ಸು ಹೋದ ಮೇಲೆ ಹಳ್ಳಿಯ ಹೆಂಗಸು ಮನೆಗೆ ಹೇಗೆ ಹೋಗಬೇಕು? ಬಂದರೂ ಹಿಂದಿನ ಸಾಲು, ಕೈಗೆ ಮೈಕ್ ಕೊಡುವವರಿಲ್ಲ.

ಭಾನುವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಯಾರದಾದರೂ ಮನೆಯ ಚಾವಡಿಯಲ್ಲಿ ಒಂದೇ ಒಂದು ಕತೆ ಓದಿದರೆ ಸಾಕು. ಬ್ಯಾನರ್ ಬೇಡ, ಅಧ್ಯಕ್ಷರು ಬೇಡ, ವಂದನಾರ್ಪಣೆ ಮೊದಲೇ ಬೇಡ. ಅಕ್ಷರ ಬಾರದ ಉಮ್ಮಂದಿರೂ ಕೂತು ಕೇಳಲಿ, ಮಾತಾಡಲಿ. ಅವತ್ತು ಚಹಾ ಗಂಡಸರು ಮಾಡಲಿ.